ದ್ರಾಕ್ಷಿ ಸಾಲಿನ ನಡುವೆ ಹೂವು: ನಾಪಾ ಕಣಿವೆಯ ವಸಂತ ಕಲಿಸುವ ಪಾಠ

ದ್ರಾಕ್ಷಿ ತೋಟದಲ್ಲಿ ಬಳ್ಳಿಯನ್ನು ಬಿಟ್ಟು ಬೇರೇನು ಬೆಳೆದರೂ ಅದು ಕಳೆ ಎಂಬುದು ನಮ್ಮ ಬೇಸಾಯಗಾರರಲ್ಲಿ ಬೇರೂರಿದ ನಂಬಿಕೆ. ಸಾಲುಗಳ ನಡುವೆ ಒಂದು ಎಸಳು ಹುಲ್ಲೂ ಇಲ್ಲದಂತೆ ಹರಗಿದ ತೋಟವನ್ನು ಕಂಡರೆ "ತೋಟ ಚೊಕ್ಕವಾಗಿದೆ" ಎಂದು ಹೊಗಳುವುದು ವಾಡಿಕೆ. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿರುವ ನಾಪಾ ಕಣಿವೆಯನ್ನು ಫೆಬ್ರವರಿ ತಿಂಗಳಲ್ಲಿ ನೋಡಿದರೆ ಈ ನಂಬಿಕೆಯನ್ನು ಮರುಪರಿಶೀಲಿಸಬೇಕಾಗುತ್ತದೆ. ವೈನ್ ತಯಾರಿಕೆಗೆ ಜಗತ್ತಿನಲ್ಲೇ ಹೆಸರಾದ ಆ ತೋಟಗಳಲ್ಲಿ ಆಗ ಬಳ್ಳಿಗಳು ಎಲೆಯಿಲ್ಲದೆ ಬೋಳಾಗಿ ನಿಂತಿರುತ್ತವೆ. ಅವುಗಳ ನಡುವಿನ ನೆಲ ಮಾತ್ರ ಸೊಂಟದೆತ್ತರದ ಸಾಸಿವೆ ಹೂವಿನಿಂದ ಹಳದಿಯಾಗಿರುತ್ತದೆ.

ಮಗ ಅಥವಾ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರುವ ರೈತ ದಂಪತಿಗಳು ಇಂದು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅಂಥವರು ಈ ಹೂವನ್ನು ಕಂಡು ಸಂತೋಷಪಡುವುದು ಸಹಜ. ಜೊತೆಗೆ, ಆ ಹೂವು ಅಲ್ಲಿ ಏಕಿದೆ, ಅದನ್ನು ಯಾವಾಗ ಕತ್ತರಿಸುತ್ತಾರೆ, ಅದರಿಂದ ನಮ್ಮ ತೋಟಕ್ಕೆ ಏನು ತಿಳಿಯಬಹುದು ಎಂಬುದನ್ನೂ ಅರಿತರೆ ಪ್ರವಾಸ ಸಾರ್ಥಕವಾಗುತ್ತದೆ. ಪ್ರವಾಸ ಮಾಡದ ದ್ರಾಕ್ಷಿ ಬೆಳೆಗಾರರಿಗೂ ಇದು ಉಪಯುಕ್ತ ವಿಷಯ.

ಕಣಿವೆಯ ಪರಿಚಯ

ನಾಪಾ ಕಣಿವೆ ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಪಶ್ಚಿಮಕ್ಕೆ ಮಾಯಾಕಮಾಸ್ ಬೆಟ್ಟಸಾಲು, ಪೂರ್ವಕ್ಕೆ ವಾಕಾ ಬೆಟ್ಟಸಾಲು, ನಡುವೆ ನಾಪಾ ನದಿ. ಕಣಿವೆಯ ಉದ್ದ ಸುಮಾರು 48 ಕಿಲೋಮೀಟರ್. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಇಲ್ಲಿ ಸುಮಾರು 45,000 ಎಕರೆಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಕ್ಯಾಲಿಫೋರ್ನಿಯಾದ ಒಟ್ಟು ವೈನ್ ಉತ್ಪಾದನೆಯಲ್ಲಿ ಈ ಕಣಿವೆಯ ಪಾಲು ಶೇಕಡಾ 4ರಷ್ಟು ಮಾತ್ರ. ಆದರೂ 1976ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ರುಚಿ ಪರೀಕ್ಷೆಯಲ್ಲಿ ಇಲ್ಲಿಯ ವೈನುಗಳು ಫ್ರಾನ್ಸಿನ ಹೆಸರಾಂತ ವೈನುಗಳನ್ನು ಹಿಂದೆ ಹಾಕಿದ್ದರಿಂದ ಇದರ ಕೀರ್ತಿ ಎಲ್ಲೆಡೆ ಹಬ್ಬಿತು.

ಇಲ್ಲಿಯ ಹವಾಮಾನವನ್ನು ಮೊದಲು ತಿಳಿಯಬೇಕು. ನಾಪಾ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 650 ಮಿಲಿಮೀಟರ್. ನಮ್ಮ ವಿಜಯಪುರದ ಮಳೆಯೂ ಹೆಚ್ಚು ಕಡಮೆ ಇಷ್ಟೇ. ಆದರೆ ಕಾಲ ತಿರುಗುಮುರುಗು. ನಮ್ಮಲ್ಲಿ ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಂದರೆ, ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬರುತ್ತದೆ. ಬೇಸಿಗೆಯಲ್ಲಿ ಮಳೆಯೇ ಇಲ್ಲವೆನ್ನಬಹುದು. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ನಿದ್ರೆಗೆ ಹೋಗುತ್ತದೆ. ಅಂದರೆ, ಬಳ್ಳಿ ಮಲಗಿರುವಾಗಲೇ ಮಳೆ ಬರುತ್ತದೆ. ಅಲ್ಲಿಯ ಹೂವಿನ ಗುಟ್ಟು ಇದರಲ್ಲಿಯೇ ಅಡಗಿದೆ.

ಹೂವಿನ ಸರದಿ

ಜನವರಿಯಲ್ಲಿ ಒಂದೆರಡು ಗಿಡಗಳಲ್ಲಿ ಆರಂಭವಾಗುವ ಸಾಸಿವೆ ಹೂವು ಫೆಬ್ರವರಿ ಮತ್ತು ಮಾರ್ಚ್ ಮೊದಲ ಭಾಗದಲ್ಲಿ ತುಂಬಿ ನಿಲ್ಲುತ್ತದೆ. ಯೌಂಟ್‌ವಿಲ್, ಓಕ್‌ವಿಲ್, ರುದರ್‌ಫೋರ್ಡ್, ಸೇಂಟ್ ಹೆಲೆನಾ, ಕ್ಯಾಲಿಸ್ಟೋಗಾ ಊರುಗಳ ನಡುವಿನ 29ನೇ ಹೆದ್ದಾರಿಯಿಂದಲೂ, ಕಣಿವೆಯ ಪೂರ್ವದ ಅಂಚಿನಲ್ಲಿರುವ ಸಿಲ್ವರಾಡೋ ರಸ್ತೆಯಿಂದಲೂ ಇದನ್ನು ಕಾಣಬಹುದು. ಮಾರ್ಚ್ ನಂತರ ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪಿ ಅರಳುತ್ತದೆ. ಇದು ನಮ್ಮ ಗಸಗಸೆಯ ಕುಟುಂಬಕ್ಕೆ ಸೇರಿದ್ದು. 1903ರಿಂದ ಆ ರಾಜ್ಯದ ಹೂವು. ರಾತ್ರಿಯಲ್ಲಿಯೂ ಮೋಡದ ದಿನಗಳಲ್ಲಿಯೂ ಇದರ ದಳಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಇದನ್ನು ನೋಡಲು ಬಿಸಿಲೇರಿದ ಹೊತ್ತಿನಲ್ಲಿ ಹೋಗಬೇಕು. ಬೆಟ್ಟದ ಇಳಿಜಾರಿನಲ್ಲಿ ನೀಲಿಯ ಲುಪಿನ್, ತೋಟದ ಸಾಲುಗಳಲ್ಲಿ ಕೆಂಪು ಕ್ಲೋವರ್, ನೇರಳೆ ಬಣ್ಣದ ಫಸೀಲಿಯಾ ಇದೇ ಕಾಲಕ್ಕೆ ಹೂ ಬಿಡುತ್ತವೆ. ಏಪ್ರಿಲ್ ಕೊನೆಗೆ ಸಾಲಿನ ತುದಿಯ ಗುಲಾಬಿಗಳು ಅರಳಲಾರಂಭಿಸುತ್ತವೆ.

ಸಾಸಿವೆ ಅಲ್ಲಿಯ ಮೂಲ ಗಿಡವಲ್ಲ. 1769ರಿಂದ 1823ರವರೆಗೆ ಕ್ಯಾಲಿಫೋರ್ನಿಯಾದಲ್ಲಿ ಮಠಗಳನ್ನು ಕಟ್ಟಿದ ಸ್ಪೇನಿನ ಪಾದ್ರಿಗಳು ದಾರಿಯ ಗುರುತಿಗೆಂದು ಸಾಸಿವೆ ಬೀಜ ಎರಚುತ್ತಾ ಸಾಗಿದರೆಂಬ ಐತಿಹ್ಯವಿದೆ. ಹೇಗೇ ಬಂದಿರಲಿ, ಈಗ ಅದು ಬಿತ್ತದೆಯೂ ತಾನಾಗಿ ಹುಟ್ಟಿ ಬೆಳೆಯುತ್ತದೆ. ಕೆಲವು ಬೆಳೆಗಾರರು ಬೇಕೆಂದೇ ಬಿತ್ತುತ್ತಾರೆ.

ಹೂವು ಮಾಡುವ ಕೆಲಸ

ದ್ರಾಕ್ಷಿಯ ಪರಾಗಸ್ಪರ್ಶಕ್ಕೆ ಜೇನುನೊಣ ಬೇಕು, ಅದಕ್ಕಾಗಿ ಹೂ ಬೆಳೆಸುತ್ತಾರೆ ಎಂದು ನೋಡುವವರು ತಿಳಿಯುವುದುಂಟು. ಇದು ಸರಿಯಲ್ಲ. ಬೇಸಾಯದಲ್ಲಿರುವ ದ್ರಾಕ್ಷಿ ತಳಿಗಳ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇದ್ದು, ಅವು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಚ್ಚುತ್ತವೆ. ಅದೂ ಅಲ್ಲದೆ, ಸಾಸಿವೆ ಹೂ ಬಿಡುವಾಗ ದ್ರಾಕ್ಷಿ ಇನ್ನೂ ಚಿಗುರಿಯೇ ಇರುವುದಿಲ್ಲ. ಈ ಗಿಡಗಳ ನಿಜವಾದ ಕೆಲಸ ನೆಲಕ್ಕೆ ಸಂಬಂಧಿಸಿದ್ದು.

ಮೊದಲನೆಯದು, ಮಣ್ಣಿನ ರಕ್ಷಣೆ. ಬರಿಯ ನೆಲದ ಮೇಲೆ ಬಿದ್ದ ಮಳೆಹನಿ ಮಣ್ಣಿನ ಹೆಂಟೆಯನ್ನು ಒಡೆಯುತ್ತದೆ. ಒಡೆದ ನುಣುಪು ಮಣ್ಣು ರಂಧ್ರಗಳನ್ನು ಮುಚ್ಚುತ್ತದೆ. ನೀರು ಇಂಗದೆ ಮಣ್ಣನ್ನೂ ಹೊತ್ತುಕೊಂಡು ಹರಿಯುತ್ತದೆ. ಗಿಡದ ಹೊದಿಕೆ ಇದ್ದರೆ ಹನಿಯ ಪೆಟ್ಟು ಎಲೆಗೆ ಬೀಳುತ್ತದೆ, ಬೇರು ಮಣ್ಣನ್ನು ಹಿಡಿಯುತ್ತದೆ. ಇಳಿಜಾರು ಭೂಮಿಯಲ್ಲಿ ಇದು ಎಷ್ಟು ಮುಖ್ಯವೆಂದರೆ, 1991ರಲ್ಲಿ ನಾಪಾ ಕೌಂಟಿ ಆಡಳಿತವು ಶೇಕಡಾ 5ಕ್ಕಿಂತ ಹೆಚ್ಚು ಇಳಿಜಾರಿರುವಲ್ಲಿ ಹೊಸ ತೋಟ ಮಾಡುವವರು ಮಣ್ಣು ಸಂರಕ್ಷಣೆಯ ಯೋಜನೆ ಸಲ್ಲಿಸಬೇಕೆಂದು ನಿಯಮ ಮಾಡಿತು.

ಎರಡನೆಯದು, ಪೋಷಕಾಂಶವನ್ನು ಹಿಡಿದಿಡುವುದು. ಮಣ್ಣಿನಲ್ಲಿ ಉಳಿದ ನೈಟ್ರೇಟ್ ರೂಪದ ಸಾರಜನಕ ಮಳೆ ನೀರಿನೊಡನೆ ಆಳಕ್ಕೆ ಬಸಿದು ಹೋಗುತ್ತದೆ. ಬಳ್ಳಿ ನಿದ್ರೆಯಲ್ಲಿರುವಾಗ ಅದನ್ನು ಹೀರುವ ಬೇರೇ ಇರುವುದಿಲ್ಲ. ಬೇಗ ಬೆಳೆಯುವ ಸಾಸಿವೆ ಅದನ್ನು ಹೀರಿ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮುಂದೆ ಗಿಡವನ್ನು ಮಣ್ಣಿಗೆ ಸೇರಿಸಿದಾಗ ಅದು ಬಳ್ಳಿಗೆ ದೊರೆಯುತ್ತದೆ. ಇಲ್ಲಿ ಒಂದು ವ್ಯತ್ಯಾಸ ನೆನಪಿಡಬೇಕು. ಸಾಸಿವೆ ದ್ವಿದಳ ಧಾನ್ಯವಲ್ಲ. ಅದು ಇದ್ದ ಸಾರಜನಕವನ್ನು ಉಳಿಸುತ್ತದೆಯೇ ಹೊರತು ಗಾಳಿಯಿಂದ ಹೊಸದನ್ನು ತರುವುದಿಲ್ಲ. ಅದಕ್ಕಾಗಿ ಬೆಲ್ ಬೀನ್ ಎಂಬ ಅವರೆ ಜಾತಿಯ ಗಿಡ, ಬಟಾಣಿ, ವೆಚ್, ಕ್ಲೋವರ್ ಮುಂತಾದ ದ್ವಿದಳ ಗಿಡಗಳನ್ನು ಬೆರೆಸಿ ಬಿತ್ತುತ್ತಾರೆ. ಅವುಗಳ ಬೇರಿನ ಗಂಟನ್ನು ಸೀಳಿ ನೋಡಿದಾಗ ಒಳಗೆ ಕೆಂಪು ಛಾಯೆ ಇದ್ದರೆ ಸಾರಜನಕ ಸ್ಥಿರೀಕರಣ ನಡೆಯುತ್ತಿದೆ ಎಂದು ತಿಳಿಯಬಹುದು.

ಮೂರನೆಯದು, ಜಂತುಹುಳುಗಳ ಹತೋಟಿ. ಸಾಸಿವೆಯ ಖಾರಕ್ಕೆ ಕಾರಣವಾದ ಗ್ಲೂಕೋಸಿನೋಲೇಟ್ ಎಂಬ ವಸ್ತು, ಗಿಡವನ್ನು ಜಜ್ಜಿದಾಗ ಐಸೋಥಯೋಸಯನೇಟ್ ಎಂಬ ಘಾಟಿನ ಅನಿಲವಾಗಿ ಮಾರ್ಪಡುತ್ತದೆ. ಇದು ಬೇರಿನ ಜಂತುಹುಳುಗಳಿಗೂ ಕೆಲವು ಶಿಲೀಂಧ್ರಗಳಿಗೂ ಮಾರಕ. ಆದರೆ ಹೂವು ನಿಂತಿದ್ದ ಮಾತ್ರಕ್ಕೆ ಈ ಲಾಭ ದೊರೆಯುವುದಿಲ್ಲ. ಗಿಡವನ್ನು ಚೆನ್ನಾಗಿ ಜಜ್ಜಿ, ತಕ್ಷಣ ಹದವಿರುವ ಮಣ್ಣಿಗೆ ಸೇರಿಸಿ ಮುಚ್ಚಿದರೆ ಮಾತ್ರ ಪರಿಣಾಮ. ಆಗಲೂ ಅದು ಭಾಗಶಃ. ಕೆಲವು ಸಾಸಿವೆ ತಳಿಗಳು ಬೆಳೆಯುತ್ತಿರುವಾಗ ಬೇರುಗಂಟು ಜಂತುಹುಳುವಿಗೆ ಆಶ್ರಯವನ್ನೂ ಕೊಡುತ್ತವೆ. ಆದ್ದರಿಂದ "ಸಾಸಿವೆ ಬಿತ್ತಿದರೆ ಜಂತುಹುಳು ನಾಶ" ಎಂಬ ಮಾತನ್ನು ಪೂರ್ತಿ ನಂಬಬಾರದು.

ನಾಲ್ಕನೆಯದು, ಉಪಕಾರಿ ಕೀಟಗಳಿಗೆ ಆಹಾರ. ಫಸೀಲಿಯಾದಂಥ ಹೂವಿನ ಮಕರಂದಕ್ಕೆ ಬರುವ ಸಿರ್ಫಿಡ್ ನೊಣದ ಮರಿಗಳು ಸಸ್ಯಹೇನನ್ನು ತಿನ್ನುತ್ತವೆ. ಬೇರೆ ಬೆಳೆಗಳು ಹೂವಿಲ್ಲದ ಕಾಲದಲ್ಲಿ ಜೇನುನೊಣಕ್ಕೂ ಇವು ಆಧಾರ.

ಹೂವು ನೋಡುಗನಿಗೆ ಹಬ್ಬ, ಬೇಸಾಯಗಾರನಿಗೆ ಗಡುವು

ಮಾರ್ಚ್ ತಿಂಗಳಲ್ಲಿ ದ್ರಾಕ್ಷಿಯ ಕಣ್ಣು ಒಡೆಯುತ್ತದೆ. ಆಗಿನಿಂದ ಮೇ ತಿಂಗಳ ಆರಂಭದವರೆಗೆ ಹಿಮದ ಭಯವಿರುತ್ತದೆ. ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಇಳಿದರೂ ಎಳೆಯ ಚಿಗುರು ಸುಟ್ಟಂತೆ ಕರಕಲಾಗುತ್ತದೆ. ಅದರೊಳಗಿನ ಗೊಂಚಲೂ ಹೋಗುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ಫಸಲಿಗೆ ಪೆಟ್ಟು ಬೀಳಬಹುದು. ಇಂಥ ರಾತ್ರಿ ತೋಟದ ನಡುವೆ ಎತ್ತರದ ಗಿಡಗಳಿದ್ದರೆ ಅಪಾಯ ಹೆಚ್ಚು. ಕಾರಣ ಸರಳ. ಹಗಲಿನ ಬಿಸಿಲಿಗೆ ತೇವವಾದ ಬರಿಯ ನೆಲ ಶಾಖವನ್ನು ಹೀರಿಕೊಂಡು ರಾತ್ರಿ ಹೊರಬಿಡುತ್ತದೆ. ಎತ್ತರದ ಹೊದಿಕೆ ಆ ಬಿಸಿಲನ್ನು ನೆಲಕ್ಕೆ ತಲುಪಗೊಡುವುದಿಲ್ಲ. ತಣ್ಣನೆಯ ಗಾಳಿಯ ಪದರವನ್ನೂ ಚಿಗುರಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತದೆ.

ಆದ್ದರಿಂದ ಹೂವು ಇನ್ನೂ ಸೊಗಸಾಗಿರುವಾಗಲೇ ತಗ್ಗು ಪ್ರದೇಶದ ಬೆಳೆಗಾರರು ಅದನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾರೆ. ಇದು ಸಾಲದೆಂದು ತೋಟಗಳಲ್ಲಿ ಎತ್ತರದ ಕಂಬದ ಮೇಲೆ ದೊಡ್ಡ ಬೀಸಣಿಗೆಗಳನ್ನು ನಿಲ್ಲಿಸಿರುತ್ತಾರೆ. ಇವು ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗಿನ ತಣ್ಣನೆಯ ಗಾಳಿಯೊಡನೆ ಬೆರೆಸುತ್ತವೆ. ಕೆಲವೆಡೆ ತುಂತುರು ನೀರಾವರಿ ನಡೆಸುತ್ತಾರೆ. ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ ಸುಮಾರು 80 ಕ್ಯಾಲೊರಿ ಶಾಖ ಬಿಡುತ್ತದೆ. ಆ ಶಾಖವೇ ಚಿಗುರನ್ನು ಕಾಯುತ್ತದೆ.

ಕತ್ತರಿಸಲು ಇನ್ನೂ ಎರಡು ಕಾರಣಗಳಿವೆ. ಹೂ ಬಿಡುವ ಹಂತದಲ್ಲಿ ಗಿಡ ಮೆತ್ತಗಿದ್ದು ಬೇಗ ಕೊಳೆಯುತ್ತದೆ. ಕಾಯಿ ಕಟ್ಟಿದ ಮೇಲೆ ಕಾಂಡ ಬಲಿತು ನಾರಾಗುತ್ತದೆ. ಅಂಥದನ್ನು ಮಣ್ಣಿಗೆ ಸೇರಿಸಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಬಳಸಿಕೊಂಡು ಬಳ್ಳಿಗೆ ತಾತ್ಕಾಲಿಕ ಕೊರತೆ ಮಾಡುತ್ತವೆ. ಇನ್ನೊಂದು, ನೀರು. ಮಳೆಗಾಲ ಮುಗಿಯುತ್ತಿದ್ದಂತೆ ಹೊದಿಕೆ ಬೆಳೆ ಬಳ್ಳಿಯೊಡನೆ ತೇವಾಂಶಕ್ಕೆ ಪೈಪೋಟಿ ನಡೆಸುತ್ತದೆ. ಮುಂದಿನ ವರ್ಷ ತಾನಾಗಿ ಹುಟ್ಟಲಿ ಎನ್ನುವವರು ಮಾತ್ರ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬೀಜ ಉದುರುವವರೆಗೆ ಗಿಡವನ್ನು ಉಳಿಸುತ್ತಾರೆ. ಆಳವಾದ ಫಲವತ್ತಾದ ಮಣ್ಣಿನಲ್ಲಿ ಬಳ್ಳಿ ಸೊಕ್ಕಿ ಬೆಳೆಯುವುದನ್ನು ತಡೆಯಲು ಬೇಕೆಂದೇ ಹುಲ್ಲಿನ ಹೊದಿಕೆಯನ್ನು ಹೆಚ್ಚು ಕಾಲ ಬಿಡುವುದೂ ಉಂಟು. ಹೊದಿಕೆಯ ಆಯ್ಕೆ ಮತ್ತು ಅವಧಿ ಮಣ್ಣನ್ನು ನೋಡಿ ನಿರ್ಧರಿಸುವಂಥವು.

ಕೇಡು ತರುವ ಹೂಗಳು

ಎಲ್ಲ ಹೂವೂ ತೋಟಕ್ಕೆ ಹಿತವಲ್ಲ. ಸಾಸಿವೆಯನ್ನೇ ಒಣಗುವವರೆಗೆ ಬಿಟ್ಟರೆ ಅದರಲ್ಲಿ ಹೆಚ್ಚಿದ ಸಣ್ಣ ತಿಗಣೆಗಳು ಆಹಾರವಿಲ್ಲದೆ ಹಿಂಡುಹಿಂಡಾಗಿ ದ್ರಾಕ್ಷಿಯ ಚಿಗುರಿಗೆ ದಾಟಿ ರಸ ಹೀರುತ್ತವೆ. ಎಳೆಯ ತೋಟದಲ್ಲಿ ಇದರಿಂದ ಬಳ್ಳಿಗಳೇ ಬಾಡುವುದುಂಟು.

ನದಿ ಹಳ್ಳಗಳ ದಂಡೆಯಲ್ಲಿ ವಸಂತದಲ್ಲಿ ನೀಲಿ ಹೂ ಬಿಡುವ ವಿಂಕಾ ಎಂಬ ಹಬ್ಬು ಬಳ್ಳಿ ಇದೆ. ನಮ್ಮ ನಿತ್ಯಪುಷ್ಪದ ಕುಟುಂಬಕ್ಕೆ ಸೇರಿದ ಇದು ನೋಡಲು ಚೆಂದ. ಆದರೆ ದ್ರಾಕ್ಷಿಯ ಪಿಯರ್ಸ್ ರೋಗಕ್ಕೆ ಕಾರಣವಾದ ಕ್ಸೈಲೆಲ್ಲಾ ಎಂಬ ದುಂಡಾಣುವಿಗೂ, ಅದನ್ನು ಹರಡುವ ನೀಲಿ ಹಸಿರು ಬಣ್ಣದ ಜಿಗಿಹುಳುವಿಗೂ ಇದು ಆಶ್ರಯ. ಜಿಗಿಹುಳು ವಸಂತದಲ್ಲಿ ದಂಡೆಯಿಂದ ಪಕ್ಕದ ತೋಟಕ್ಕೆ ಹಾರಿ ಬಂದು ರೋಗವನ್ನು ಅಂಟಿಸುತ್ತದೆ. ದುಂಡಾಣು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುವುದರಿಂದ ಎಲೆಯ ಅಂಚು ಸುಟ್ಟು ಬಳ್ಳಿ ಸಾಯುತ್ತದೆ. ಬೇರೂರಿದ ರೋಗಕ್ಕೆ ಔಷಧಿಯಿಲ್ಲ. ಆದ್ದರಿಂದ ದಂಡೆಯ ವಿಂಕಾವನ್ನು ಕಿತ್ತು, ಈ ಕೀಟಕ್ಕೆ ಒಗ್ಗದ ಸ್ಥಳೀಯ ಗಿಡಮರಗಳನ್ನು ನೆಡುವ ಕೆಲಸ ಅಲ್ಲಿ ನಡೆದಿದೆ.

ಸಾಲಿನ ತುದಿಯ ಗುಲಾಬಿಯ ಬಗ್ಗೆಯೂ ಒಂದು ಮಾತು. ಬೂದಿ ರೋಗ ಮೊದಲು ಗುಲಾಬಿಗೆ ಬಂದು ಬೆಳೆಗಾರನಿಗೆ ಮುನ್ಸೂಚನೆ ಕೊಡುತ್ತದೆ ಎಂದು ಅಲ್ಲಿಯ ಮಾರ್ಗದರ್ಶಕರು ಹೇಳುವುದುಂಟು. ಗುಲಾಬಿಯ ಬೂದಿ ರೋಗದ ಶಿಲೀಂಧ್ರ ಬೇರೆ, ದ್ರಾಕ್ಷಿಯದು ಬೇರೆ. ಒಂದು ಇನ್ನೊಂದಕ್ಕೆ ಹರಡುವುದಿಲ್ಲ. ಎರಡಕ್ಕೂ ಒಗ್ಗುವ ಹವೆ ಹೋಲುವುದರಿಂದ ಈ ಮಾತು ಹುಟ್ಟಿದೆ. ಇಂದು ಗುಲಾಬಿ ಮುಖ್ಯವಾಗಿ ಅಲಂಕಾರಕ್ಕೆ. ಗುಲಾಬಿಯನ್ನು ನೋಡಿ ಔಷಧಿ ಸಿಂಪಡಿಸುವವನು ಮೋಸ ಹೋಗುತ್ತಾನೆ. ದ್ರಾಕ್ಷಿಯ ಎಲೆಯನ್ನೇ ತಿರುಗಿಸಿ ನೋಡಬೇಕು.

ಇವೆಲ್ಲದರ ನಡುವೆ ಪ್ರವಾಸಿಗರ ಕಣ್ಣಿಗೆ ಬೀಳದ ಹೂವೊಂದಿದೆ. ಅದು ಮೇ ತಿಂಗಳಲ್ಲಿ ಬರುವ ದ್ರಾಕ್ಷಿಯ ಹೂವು. ಹಸಿರು ಬಣ್ಣ, ಗಾತ್ರ ಸಾಸಿವೆ ಕಾಳಿನಷ್ಟು. ಆ ಕೆಲವು ದಿನ ಮಳೆ ಅಥವಾ ಚಳಿ ಹಿಡಿದರೆ ಹೂವು ಉದುರಿ ಗೊಂಚಲು ಬಿರುಸಾಗದೆ ಹೋಗುತ್ತದೆ. ಹಳದಿ ಹೂವಿನ ಕಾಲದಲ್ಲಿ ಮಾಡಿದ ಎಲ್ಲ ಕೆಲಸವೂ ಈ ಕಾಣದ ಹೂವಿಗಾಗಿ.

ನಮ್ಮ ತೋಟಕ್ಕೆ ಹೊಂದಿಸುವ ಬಗೆ

ನಾಪಾದಲ್ಲಿ ಸಾಸಿವೆ ಚೆಂದವಾಗಿದೆ ಎಂದು ನಮ್ಮಲ್ಲಿಯೂ ಚಳಿಗಾಲದಲ್ಲಿ ಸಾಸಿವೆ ಬಿತ್ತಿದರೆ ನಷ್ಟವೇ ಸರಿ. ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ ಮಾಡುತ್ತೇವೆ. ಅಕ್ಟೋಬರ್ ಚಾಟ್ನಿಯ ನಂತರ ಬಳ್ಳಿ ಹೂ ಬಿಟ್ಟು ಕಾಯಿ ಕಟ್ಟುತ್ತದೆ. ಅಲ್ಲಿ ಬಳ್ಳಿ ಮಲಗಿರುವ ಕಾಲ ನಮ್ಮಲ್ಲಿ ಅದು ಹೆಚ್ಚು ದುಡಿಯುವ ಕಾಲ. ಆಗ ನಡುವೆ ಬೇರೆ ಬೆಳೆಯಿದ್ದರೆ ನೀರು ಗೊಬ್ಬರಕ್ಕೆ ಪೈಪೋಟಿ, ತೋಟದಲ್ಲಿ ತೇವ ಹೆಚ್ಚಿ ಬೂಜು ತುಪ್ಪಟ ರೋಗಕ್ಕೆ ಆಹ್ವಾನ. ಅನುಕರಿಸಬೇಕಾದುದು ಗಿಡವನ್ನಲ್ಲ, ತತ್ತ್ವವನ್ನು: ಮಳೆ ಬೀಳುವಾಗ ನೆಲ ಮುಚ್ಚಿರಲಿ; ಬಳ್ಳಿಗೆ ನೆಲ ಬೇಕಾಗುವ ಮುನ್ನ ಹೊದಿಕೆ ಮಣ್ಣು ಸೇರಲಿ.

ಈ ತತ್ತ್ವಕ್ಕೆ ನಮ್ಮಲ್ಲಿ ಹೊಂದುವ ಗಿಡ ಅಪ್ಸೆಣಬು. ಅದರ ಹೂವೂ ಹಳದಿಯೇ. ಅದು ದ್ವಿದಳ ಜಾತಿಯಾದ್ದರಿಂದ ಸಾರಜನಕವನ್ನು ಸೇರಿಸುತ್ತದೆ. ಬೇರುಗಂಟು ಜಂತುಹುಳು ಅದರಲ್ಲಿ ವೃದ್ಧಿಯಾಗದು. ಜೂನ್‌ನಲ್ಲಿ ಹದವಾದ ಮಳೆ ಬಿದ್ದೊಡನೆ ಸಾಲುಗಳ ನಡುವೆ ಬಿತ್ತಬೇಕು. ಇಡೀ ಹೊಲಕ್ಕೆ ಎಕರೆಗೆ 20ರಿಂದ 25 ಕಿಲೋ ಬೀಜ ಬೇಕಾಗುತ್ತದೆ. ಸಾಲಿನ ನಡುವೆ ಅರ್ಧ ನೆಲಕ್ಕೆ ಮಾತ್ರ ಬಿತ್ತುವುದರಿಂದ ಅರ್ಧದಷ್ಟು ಬೀಜ ಸಾಕು. ಬಳ್ಳಿಯ ಬುಡದಿಂದ ಎರಡೂ ಕಡೆ ಒಂದೂವರೆ ಅಡಿ ನೆಲವನ್ನು ಖಾಲಿ ಬಿಡಬೇಕು. ಬಿತ್ತಿದ ಸುಮಾರು 45 ದಿನಕ್ಕೆ, ಮೊದಲ ಹೂವು ಕಂಡಾಗ, ಕತ್ತರಿಸಿ ಮಣ್ಣಿಗೆ ಸೇರಿಸಬೇಕು. ಕೊಳೆಯಲು ಕನಿಷ್ಠ ಮೂರು ವಾರ ಬೇಕು. ಆದ್ದರಿಂದ ಆಗಸ್ಟ್ ಕೊನೆಯೊಳಗೆ ಈ ಕೆಲಸ ಮುಗಿದರೆ ಅಕ್ಟೋಬರ್ ಚಾಟ್ನಿಗೆ ನೆಲ ಸಿದ್ಧವಾಗಿರುತ್ತದೆ. ಮಳೆ ಕೈಕೊಟ್ಟ ವರ್ಷ 45 ದಿನ ಕಾಯದೆ ಮೊದಲೇ ಕತ್ತರಿಸಿ ನೆಲದ ಮೇಲೆ ಹೊದಿಕೆಯಾಗಿ ಹರಡುವುದು ಲೇಸು.

ದಟ್ಟವಾಗಿ ಮುಚ್ಚಿದ ಚಪ್ಪರದ ಕೆಳಗೆ ಬೆಳಕು ಸಾಲದು. ಗಿಡ ಸೊರಗಿ ನೀಳವಾಗುತ್ತದೆ. ಹೊಸ ತೋಟ ಮತ್ತು ಸಾಲುಗಳ ನಡುವೆ ಬಿಸಿಲು ಬೀಳುವ ವೈ ಆಕಾರದ ಹಂದರಗಳಲ್ಲಿ ಈ ಪದ್ಧತಿ ಹೆಚ್ಚು ಫಲಕಾರಿ. ಚಪ್ಪರದ ತೋಟಗಳಲ್ಲಿ ಚಾಟ್ನಿಯ ಕಡ್ಡಿ ಎಲೆಗಳಲ್ಲಿ ರೋಗವಿಲ್ಲದವನ್ನು ಚೂರು ಮಾಡಿ ನೆಲಕ್ಕೆ ಹೊದಿಸಬಹುದು. ವರ್ಷಕ್ಕೆ ಎರಡು ಫಸಲು ತೆಗೆಯುವ ಬೆಂಗಳೂರು ಬ್ಲೂ ತೋಟಗಳಿಗೂ ಈ ಮಾತು ಅನ್ವಯಿಸುತ್ತದೆ.

ಜಂತುಹುಳು ಬಾಧೆಯಿದ್ದ ನೆಲದಲ್ಲಿ ಹೊಸ ತೋಟ ಮಾಡುವವರು ಹಿಂದಿನ ವರ್ಷ ಅಲ್ಲಿ ಚೆಂಡುಹೂವನ್ನು ಒತ್ತಾಗಿ, ಮೂರು ನಾಲ್ಕು ತಿಂಗಳ ಪೂರ್ತಿ ಬೆಳೆಯಾಗಿ ಬೆಳೆಯಬಹುದು. ಅದರ ಬೇರಿನ ವಸ್ತುಗಳು ಬೇರುಗಂಟು ಜಂತುಹುಳುವನ್ನು ತಗ್ಗಿಸುತ್ತವೆ. ಹೂವಿನ ಮಾರಾಟದಿಂದ ಹಬ್ಬದ ಕಾಲಕ್ಕೆ ಕೈಗೆ ಹಣವೂ ಬರುತ್ತದೆ. ತೋಟದ ಅಂಚಿನಲ್ಲಿ ನಾಲ್ಕು ಗಿಡ ನೆಟ್ಟರೆ ಈ ಲಾಭವಿಲ್ಲ. ಫಸಲಿನ ತೋಟದೊಳಗೆ ನೆಟ್ಟರೆ ಅದು ಥ್ರಿಪ್ಸ್ ನುಸಿಗೆ ಮನೆಯಾಗುವ ಸಂಭವವೂ ಇದೆ.

ನೋಡಲು ಹೋಗುವವರಿಗೆ ಸೂಚನೆ

ನಾಪಾಕ್ಕೆ ಹೋಗುವವರು ಹೂವನ್ನು ರಸ್ತೆಯ ಬದಿಯಿಂದಲೋ, ಸಂದರ್ಶಕರಿಗೆ ಪ್ರವೇಶವಿರುವ ತೋಟಗಳಲ್ಲಿಯೋ ನೋಡಬೇಕು. ತೋಟಗಳು ಖಾಸಗಿ ಆಸ್ತಿ. ಅನುಮತಿಯಿಲ್ಲದೆ ಸಾಲಿನೊಳಗೆ ಇಳಿಯುವುದು ತಪ್ಪು. ಕಾಲಿಗೆ ಅಂಟಿದ ಮಣ್ಣು ಕೀಟ ರೋಗಗಳನ್ನು ಹರಡಬಲ್ಲದು. ಫಿಲಾಕ್ಸೆರಾ ಎಂಬ ಬೇರುಹೇನು ಅಮೆರಿಕದ ಬಳ್ಳಿಗಳೊಡನೆ ಸಾಗಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ನಾಪಾದಲ್ಲಿಯೂ 1980ರ ದಶಕದಲ್ಲಿ ಎಎಕ್ಸ್‌ಆರ್-1 ಎಂಬ ಬೇರುಸಸಿ ಈ ಹೇನಿಗೆ ಸೋತು, ಸಾವಿರಾರು ಎಕರೆ ತೋಟಗಳನ್ನು ಕಿತ್ತು ಮತ್ತೆ ನೆಡಬೇಕಾಯಿತು.

ಆದ್ದರಿಂದ ಚೆಂದದ ಬಳ್ಳಿಯ ಕಡ್ಡಿ, ಹೂವಿನ ಬೀಜ, ಬೇರು, ಮಣ್ಣು ಯಾವುದನ್ನೂ ಚೀಲದಲ್ಲಿಟ್ಟುಕೊಂಡು ತರಬಾರದು. ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣ ಪತ್ರವಿಲ್ಲದೆ ಇವನ್ನು ತರುವುದು ನಮ್ಮ ದೇಶದ 2003ರ ಸಸ್ಯ ಕ್ವಾರಂಟೈನ್ ಆದೇಶಕ್ಕೆ ವಿರುದ್ಧ. ಒಂದು ಗೇಣು ಕಡ್ಡಿ ಇಡೀ ಜಿಲ್ಲೆಯ ತೋಟಗಳಿಗೆ ಮುಳುವಾಗಬಹುದು.

ಸಾರಾಂಶ

1. ಮಳೆಗಾಲದಲ್ಲಿ ದ್ರಾಕ್ಷಿ ಸಾಲಿನ ನಡುವಿನ ನೆಲವನ್ನು ಬರಿದು ಬಿಡಬೇಡಿ.
2. ಜೂನ್‌ನಲ್ಲಿ ಅಪ್ಸೆಣಬು ಬಿತ್ತಿ, ಮೊದಲ ಹೂವಿಗೆ ಕತ್ತರಿಸಿ, ಆಗಸ್ಟ್ ಕೊನೆಯೊಳಗೆ ಮಣ್ಣಿಗೆ ಸೇರಿಸಿ.
3. ಬಳ್ಳಿಯ ಬುಡದ ಸುತ್ತ ನೆಲ ಖಾಲಿ ಇರಲಿ.
4. ಅಕ್ಟೋಬರ್ ಚಾಟ್ನಿಯ ನಂತರ ಸಾಲಿನ ನಡುವೆ ಯಾವ ಹೊದಿಕೆ ಬೆಳೆಯೂ ಬೇಡ.
5. ಹೊರದೇಶದಿಂದ ಕಡ್ಡಿ, ಬೀಜ, ಮಣ್ಣು ತರಬೇಡಿ.

ಮುಂದಿನ ಜೂನ್‌ಗೆ ಮೊದಲ ಪ್ರಯತ್ನವಾಗಿ ತೋಟದ ನಾಲ್ಕೇ ಸಾಲುಗಳಲ್ಲಿ ಅಪ್ಸೆಣಬು ಬಿತ್ತಿ ನೋಡಿ. ಒಂದು ಜೋರು ಮಳೆ ಬಂದ ಮರುದಿನ ಆ ಸಾಲುಗಳಲ್ಲಿ ಹರಿದ ನೀರಿನ ಬಣ್ಣವನ್ನೂ, ಬರಿಯ ಸಾಲುಗಳಲ್ಲಿ ಹರಿದ ನೀರಿನ ಬಣ್ಣವನ್ನೂ ಹೋಲಿಸಿ. ಕೆಂಪಾಗಿ, ಕಪ್ಪಾಗಿ ಹರಿದು ಹೋಗುತ್ತಿರುವುದು ನಿಮ್ಮದೇ ಮಣ್ಣು ಎಂಬುದು ಆಗ ತಿಳಿಯುತ್ತದೆ.